ಮನೆ ಮುಂದಿನ ಕಾಂಕ್ರೀಟ್ ಕಾಲುದಾರಿ: ಹತ್ತು ಚೌಕದಲ್ಲಿ ಒಂಬತ್ತು ಸರಿ

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಆ ಒಂದು ಯಾಕೆ ಅನ್ನೋದು ಏಳನೇ ಚೌಕದ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ. ಕೆಲಸ ಮುಗಿದು ಈಗ ಎಂಟು ತಿಂಗಳು. ಬೇಕೆಂದೇ ಇಷ್ಟು ದಿನ ಕಾದೆ. ಹಾಕಿದ ಮರುದಿನ ಯಾರು ಹಾಕಿದ ಕಾಂಕ್ರೀಟೂ ಚೆನ್ನಾಗೇ ಕಾಣುತ್ತದೆ. ಜೋರು ಮಳೆ, ಸುಡುಬಿಸಿಲು, ದಿನಾ ಕಾರಿನ ಚಕ್ರ, ಇಷ್ಟೆಲ್ಲ ಆದಮೇಲೆ ಹೇಗಿದೆ ಅಂತ ನೋಡಬೇಕು. ಗುತ್ತಿಗೆದಾರರ ಹೆಸರು ಹಾಕುವುದಿಲ್ಲ. ಹೊಗಳಿಕೆ ಜೊತೆ ದೂರೂ ಇದೆ, ಮತ್ತೆ ನಿಮಗೆ ಬೇಕಾಗಿರೋದು ಕೆಲಸ ಹೇಗೆ ನಡೆಯಿತು ಅನ್ನೋದು, ಅಲ್ವಾ.

ಹಳೇ ದಾರಿ 40 ಅಡಿ ಉದ್ದ, 4 ಅಡಿ ಅಗಲ, ಅಂದರೆ 4 ಅಡಿಯ ಹತ್ತು ಚೌಕ. ಎಷ್ಟು ವರ್ಷದ್ದು ಅಂತ ನಮಗೂ ಗೊತ್ತಿಲ್ಲ, ನಾವು ಮನೆಗೆ ಬಂದಾಗಲೇ ಅದು ಮುದಿಯಾಗಿತ್ತು. ಮೇಲಿನ ಸಿಮೆಂಟ್ ಸವೆದು ಜಲ್ಲಿ ಹಲ್ಲು ಕಿರಿದುಕೊಂಡಿತ್ತು. ಒಂದು ಕಡೆ ಮರದ ಬೇರು ಚೌಕವನ್ನು ಮುಕ್ಕಾಲು ಇಂಚು ಎತ್ತಿಬಿಟ್ಟಿತ್ತು. ಇನ್ನೊಂದು ಕಡೆ ಕುಸಿದು ಸಣ್ಣ ಮಳೆಗೂ ನೀರು ನಿಲ್ಲುತ್ತಿತ್ತು. ಮುಕ್ಕಾಲು ಇಂಚು ಅಂದರೆ ಏನು ಮಹಾ ಅನ್ನಿಸುತ್ತೆ. ಅಮ್ಮನ ಊರುಗೋಲಿನ ತುದಿ ಅದಕ್ಕೆ ಸಿಕ್ಕಿ ಅವಳು ಮುಗ್ಗರಿಸಿದಾಗ ಗೊತ್ತಾಯಿತು. ಪುಣ್ಯಕ್ಕೆ ಬೇಲಿ ಕೈಗೆ ಸಿಕ್ಕಿತು. ನಡೆಯುವವರು ದೊಡ್ಡ ಗುಂಡಿ ಕಂಡರೆ ಸುತ್ತಿ ಹೋಗುತ್ತಾರೆ, ಎಡವೋದು ಇಂಥ ಕಣ್ಣಿಗೆ ಬೀಳದ ಅಂಚಿಗೇ.

ಅದಕ್ಕೂ ಮೊದಲು ಎರಡು ಸಲ ತೇಪೆ ಹಾಕಿಸಿದ್ದೆ. ಬಿರುಕಿಗೆ ಸಿಮೆಂಟ್ ಗಾರೆ ತುಂಬಿ ಮೇಲೆ ಅರ್ಧ ಇಂಚು ಬಳಿದು ಹೋಗಿದ್ದರು. ಕೆಲವೇ ತಿಂಗಳಲ್ಲಿ ಗಾಯದ ಹಕ್ಕಳೆ ಏಳುವ ಹಾಗೆ ಎದ್ದು ಬಂತು. ಕೆಳಗಿನ ಕಲ್ಲು ಅಲ್ಲಾಡುತ್ತಿದ್ದರೆ ಮೇಲಿನ ತೇಪೆ ಎಲ್ಲಿ ನಿಲ್ಲುತ್ತೆ? ಚೌಕ ಗಟ್ಟಿಯಾಗಿದ್ದು ಬರೀ ಅಂಚು ಎದ್ದಿದ್ದರೆ ಮಷೀನಲ್ಲಿ ಉಜ್ಜಿಸಿ ಮಟ್ಟ ಮಾಡಬಹುದು. ಬರೀ ಕುಸಿದಿದ್ದರೆ ತೂತು ಕೊರೆದು ಅಡಿಗೆ ಗಾರೆಯನ್ನೋ ಫೋಮನ್ನೋ ತುಂಬಿ ಎತ್ತುವವರೂ ಇದ್ದಾರೆ. ಎರಡೂ ಹೊಸದಕ್ಕಿಂತ ಅಗ್ಗ. ನಮ್ಮದರಲ್ಲಿ ಹತ್ತರಲ್ಲಿ ಏಳು ಚೌಕ ಮೂರು ನಾಲ್ಕು ಚೂರಾಗಿದ್ದವು. ಒಡೆಯೋದೇ ಸರಿ ಅಂತ ತೀರ್ಮಾನಿಸಿದೆ.

ಮೂರು ಜನರನ್ನು ಕರೆಸಿದೆ. ಮೊದಲನೆಯವರು ಗಾಡಿಯಿಂದ ಇಳಿಯದೆ ದರ ಹೇಳಿದರು. ಎರಡನೆಯವರು ಅಳತೆ ತೆಗೆದುಕೊಂಡು, ಹಳೇದರ ಮೇಲೇ ಎರಡು ಇಂಚು ಹಾಕಿಬಿಡೋಣ, ಒಡೆಯೋ ಖರ್ಚು ಉಳಿಯುತ್ತೆ ಅಂದರು. ಮೂರನೆಯವರು ಕೈಯಲ್ಲಿ ಒಂದು ಕಬ್ಬಿಣದ ಸರಳು ಹಿಡಿದುಕೊಂಡು ಬಂದು ಒಂದೊಂದೇ ಚೌಕ ಕುಟ್ಟುತ್ತಾ ಹೋದರು. ಎಂಟನೆಯದರ ಹತ್ತಿರ ಶಬ್ದ ಬೇರೆ ಬಂತು. ಟೊಳ್ಳು ಮಡಕೆ ತಟ್ಟಿದ ಹಾಗೆ. ಆಮೇಲೆ ತಲೆಯೆತ್ತಿ ಮಾಳಿಗೆ ನೀರಿನ ಪೈಪ್ ಎಲ್ಲಿ ಇಳಿಯುತ್ತೆ ಅಂತ ನೋಡಿದರು. "ಸಾರ್, ದಾರಿ ಹಾಕೋದಕ್ಕೆ ಮುಂಚೆ ಈ ಪೈಪ್ ತಿರುಗಿಸಬೇಕು. ಇಲ್ಲಾಂದ್ರೆ ನಾನು ಹಾಕಿದ್ದೂ ಹೀಗೇ ಆಗುತ್ತೆ" ಅಂದರು. ಇವರ ದರ ಎಲ್ಲಕ್ಕಿಂತ ಕಡಿಮೆ ಹೇಳಿದವರಿಗಿಂತ ಕಾಲು ಭಾಗ ಜಾಸ್ತಿ. ಕೊಟ್ಟೆ. ಆ ಸರಳಿಗೆ ಕೊಟ್ಟೆ ಅಂತಲೇ ಅಂದುಕೊಳ್ಳಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆ ಮುಂದಿನ ದಾರಿ ನಿಮ್ಮದೇ ಜಾಗದಲ್ಲಿದೆಯೋ ಸಾರ್ವಜನಿಕರದ್ದೋ ಅನ್ನೋದು ಮೊದಲು ಖಚಿತ ಮಾಡಿಕೊಳ್ಳಿ. ಸಾರ್ವಜನಿಕ ಜಾಗ ಆದರೆ ಅನುಮತಿ ಬೇಕಾಗಬಹುದು, ಅಗಲ ಎತ್ತರಕ್ಕೆ ಅವರದೇ ಲೆಕ್ಕ ಇರಬಹುದು. ಹಾಗೇ ನೆಲದಡಿ ನೀರಿನ ಪೈಪು, ಕೇಬಲ್ ಎಲ್ಲಿ ಹೋಗಿದೆ ಅಂತ ಗುರುತು ಮಾಡಿಸದೆ ಯಾರ ಕೈಗೂ ಹಾರೆ ಕೊಡಬೇಡಿ.

ಒಡೆಯುವ ದಿನ ನಾಲ್ಕು ಜನ ಬಂದರು. 4 ಅಡಿ ಚೌಕ, 4 ಇಂಚು ದಪ್ಪ ಅಂದರೆ ಒಂದೊಂದೂ 360 ಕಿಲೋ ಹತ್ತಿರ ತೂಗುತ್ತೆ, ಹಾಗಾಗಿ ಪೂರ್ತಿ ಎತ್ತೋ ಮಾತೇ ಇಲ್ಲ. ಬ್ರೇಕರ್ (ಕಾಂಕ್ರೀಟ್ ಒಡೆಯೋ ಮಷೀನು) ಹಚ್ಚಿ ಚೂರು ಮಾಡಿದರು. ಗೇಟಿನ ಕಂಬಕ್ಕೆ ತಾಗುವ ಕಡೆ ಮಾತ್ರ ಮೊದಲು ಬ್ಲೇಡಿನಲ್ಲಿ ಕತ್ತರಿಸಿ ಬಿಡಿಸಿಕೊಂಡರು, ಇಲ್ಲದಿದ್ದರೆ ಬ್ರೇಕರಿನ ಹೊಡೆತಕ್ಕೆ ಕಂಬವೂ ಬಿರಿಯುತ್ತಿತ್ತು. ಧೂಳು ಏಳದ ಹಾಗೆ ಒಬ್ಬ ಹುಡುಗ ನೀರು ಬಿಡುತ್ತಲೇ ಇದ್ದ. ಶಬ್ದ ಮಾತ್ರ ಕೇಳಬೇಡಿ, ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದಕ್ಕೆ ಬಚಾವು.

ಎಂಟನೇ ಚೌಕ ಎತ್ತಿದಾಗ ನನ್ನನ್ನು ಕರೆದು ತೋರಿಸಿದರು. ಅಡಿಯಲ್ಲಿ ಮಣ್ಣೇ ಇಲ್ಲ. ಕೈ ಮೊಣಕೈವರೆಗೆ ಒಳಗೆ ಹೋಗುವಷ್ಟು ಪೊಳ್ಳು. ಮಾಳಿಗೆ ನೀರು ವರ್ಷಗಟ್ಟಲೆ ಅಲ್ಲೇ ಬಿದ್ದು, ಕಲ್ಲಿನಡಿ ನುಗ್ಗಿ, ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೊಳೆದುಕೊಂಡು ಹೋಗಿತ್ತು. ಆ ಚೌಕ ಎರಡು ಬದಿಯ ಆಸರೆಯಲ್ಲಿ ಸೇತುವೆ ಥರ ನಿಂತಿತ್ತು, ನಾವು ಅದರ ಮೇಲೆ ಓಡಾಡುತ್ತಿದ್ದೆವು. ಎರಡು ಸಲ ತೇಪೆ ಹಾಕಿಸಿದ್ದೂ ಇದೇ ಚೌಕಕ್ಕೆ! ಎರಡನೆಯವರ ಮಾತು ಕೇಳಿ ಇದರ ಮೇಲೇ ಎರಡು ಇಂಚು ಹಾಕಿಸಿದ್ದರೆ ಏನಾಗುತ್ತಿತ್ತು ಅಂತ ಆಗಾಗ ನೆನಪಾಗುತ್ತೆ.

ಬೇರಿನ ವಿಷಯದಲ್ಲಿ ನನಗೂ ಮೇಸ್ತ್ರಿಗೂ ಸ್ವಲ್ಪ ಜಟಾಪಟಿ ಆಯಿತು. ಕಡಿದು ಬಿಸಾಕಿ ಅಂದೆ. ಅವರು ಕೈ ಗಾತ್ರದ ಆ ಬೇರನ್ನು ತೋರಿಸಿ, ಬುಡದಿಂದ ಇಷ್ಟು ಹತ್ತಿರದಲ್ಲಿ ದಪ್ಪ ಬೇರು ಕಡಿದರೆ ಮರ ಗಾಳಿಗೆ ನಿಲ್ಲಲ್ಲ ಸಾರ್, ಬಿದ್ದರೆ ನಿಮ್ಮ ಮನೆ ಮೇಲೇ ಅಂದರು. ಕಡೆಗೆ ದಾರಿಯನ್ನೇ ಅಲ್ಲಿ ಒಂದು ಅಡಿ ಪಕ್ಕಕ್ಕೆ ಬಳುಕಿಸಿದರು. ಹೆಬ್ಬೆರಳು ಗಾತ್ರದ ಎಳೆ ಬೇರುಗಳನ್ನಷ್ಟೇ ಗರಗಸದಲ್ಲಿ ನೀಟಾಗಿ ಕತ್ತರಿಸಿದರು. ಈಗ ನೋಡಿದವರೆಲ್ಲ ಆ ಬಳುಕು ಅಂದಕ್ಕೆ ಮಾಡಿಸಿದ್ದಾ ಅಂತ ಕೇಳುತ್ತಾರೆ. ಹೌದು ಅಂತೀನಿ.

ನಾಲ್ಕು ಅಂಕ ಕೊಟ್ಟಿದ್ದು ಇಲ್ಲಿಂದ ಮುಂದಿನ ಎರಡು ದಿನಕ್ಕೆ. ಹೊರಗೆ ಏನೂ ಕಾಣದ ಎರಡು ದಿನ. ಜನ ನಡೆಯುವ ಕಡೆ ಒಟ್ಟು 8 ಇಂಚು ಅಗೆದರು: 4 ಇಂಚು ಜಲ್ಲಿಗೆ, 4 ಇಂಚು ಕಾಂಕ್ರೀಟಿಗೆ. ಮೆತ್ತಗಿದ್ದ ಮಣ್ಣು ತೆಗೆದು, ಪೊಳ್ಳಿಗೆ ಪದರ ಪದರವಾಗಿ ತುಂಬಿ, ಒಂದೊಂದು ಪದರಕ್ಕೂ ನೀರು ಚಿಮುಕಿಸಿ ಕಂಪ್ಯಾಕ್ಟರ್ (ಕುಟ್ಟಿ ಬಿಗಿ ಮಾಡೋ ಮಷೀನು) ಓಡಿಸಿದರು. ಒಂದೇ ಸಲ ತುಂಬಿ ಮೇಲೆ ಕುಟ್ಟಿದರೆ ಮೇಲಿನ ಕೆಲವು ಇಂಚು ಮಾತ್ರ ಬಿಗಿಯಾಗುತ್ತೆ, ಕೆಳಗೆ ಹಾಗೇ ಉಳಿಯುತ್ತೆ. ಅದರ ಮೇಲೆ ಜಲ್ಲಿ, ಜಲ್ಲಿಪುಡಿ, ಮತ್ತೆ ಕಂಪ್ಯಾಕ್ಟರ್. ಕೊನೆಗೆ ಮೇಸ್ತ್ರಿ ಚಪ್ಪಲಿಯ ಹಿಮ್ಮಡಿ ಊರಿ ಗಿರಕ್ಕನೆ ತಿರುಗಿ ನೋಡಿದರು. ಗುರುತು ಬೀಳಲಿಲ್ಲ. ನಾನೂ ಮಾಡಿ ನೋಡಿದೆ, ಸುಮ್ನೆ.

ಆಮೇಲೆ ಹಲಗೆ ಕಟ್ಟಿದರು. ಗೂಟ ಹೊಡೆದು ದಾರ ಎಳೆದು, ದಾರಕ್ಕೆ ಹಲಗೆ ಕೂರಿಸಿದರು. ನೀರು ಮನೆ ಕಡೆಯಿಂದ ಆಚೆಗೆ ಹರಿಯಬೇಕಲ್ಲ, ಅದಕ್ಕೆ ವಾಟ ಅಡಿಗೆ ಕಾಲು ಇಂಚು. 4 ಅಡಿ ಅಗಲಕ್ಕೆ ಒಂದು ಇಂಚು. ಇದನ್ನು ಅಳೆದದ್ದು ಚೆನ್ನಾಗಿತ್ತು: ತಗ್ಗಿನ ಕಡೆ ಹಲಗೆ ಮೇಲೆ ಸರಿಯಾಗಿ ಒಂದು ಇಂಚಿನ ಮರದ ತುಂಡು ಇಟ್ಟು, ಅದರ ಮೇಲಿಂದ ಎದುರು ಹಲಗೆಗೆ ಉದ್ದನೆ ಪಟ್ಟಿ ಅಡ್ಡ ಹಾಕಿ, ಪಟ್ಟಿ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಡುವಿಗೆ ಬಂದರೆ ವಾಟ ಸರಿ. ಇಷ್ಟೇ. ನೀವೂ ಮಾಡಿ ನೋಡಬಹುದು, ಕಾಂಕ್ರೀಟ್ ಬೀಳುವ ಮೊದಲು. ಬಿದ್ದಮೇಲೆ ಅಳೆದು ಏನೂ ಪ್ರಯೋಜನ ಇಲ್ಲ. ಇದಕ್ಕಿಂತ ವಾಟ ಜಾಸ್ತಿ ಮಾಡಿದರೂ ಕಷ್ಟ, ಅಮ್ಮನಂಥವರಿಗೆ, ಗಾಲಿಕುರ್ಚಿಯವರಿಗೆ ಒಂದೇ ಕಡೆ ಎಳೆದ ಹಾಗಾಗುತ್ತೆ.

ಗೇಟಿನ ಮುಂದೆ ಕಾರು ದಾಟುವ ಮೂರು ಚೌಕ ಮಾತ್ರ 6 ಇಂಚು ದಪ್ಪ, ಕಬ್ಬಿಣದ ಜಾಲರಿ ಸಮೇತ. ಬಾಕಿ ಕಡೆ ಜಾಲರಿ ಬೇಡ ಅಂದರು. ಜನ ನಡೆಯುವ 4 ಇಂಚಿನ ದಾರಿಗೆ ಬುಡ ಬಿಗಿ ಇದ್ದು, ಚೌಕ ಚೌಕದ ನಡುವೆ ಎಳೆಯೋ ಗೀರು ಸರಿಯಾಗಿದ್ದರೆ ಸಾಕು. ಇದನ್ನು ಮೆಚ್ಚಿಕೊಂಡೆ, ಯಾಕೆಂದರೆ ಕಬ್ಬಿಣ ಅಂದರೆ ಬಿಲ್ ಏರಿಸೋಕೆ ಸುಲಭ. ಜಾಲರಿಯನ್ನು ಕವರ್ ಬ್ಲಾಕ್ (ಕಬ್ಬಿಣದ ಅಡಿಗೆ ಇಡೋ ಸಣ್ಣ ತುಂಡು) ಮೇಲೆ ಎತ್ತಿ ಕೂರಿಸಿದ್ದನ್ನೂ ಕಣ್ಣಾರೆ ನೋಡಿದೆ. ಎಷ್ಟೋ ಕಡೆ ಜಾಲರಿ ನೆಲದ ಮೇಲೆ ಮಲಗಿರುತ್ತೆ, ಹಾಕುವಾಗ ಕೈಯಲ್ಲಿ ಎಳೆದು ಎತ್ತುತ್ತೀವಿ ಅಂತಾರೆ, ಯಾರೂ ಎತ್ತಲ್ಲ. ಅಡಿಯಲ್ಲಿ ಬಿದ್ದ ಕಬ್ಬಿಣ ತುಕ್ಕು ಹಿಡಿಯೋಕೆ ಬಿಟ್ಟರೆ ಮತ್ತೇನಕ್ಕೂ ಆಗಲ್ಲ.

ಕಾಂಕ್ರೀಟ್ ಹಾಕುವ ದಿನ ಒಂದು ದಿನ ಮುಂದಕ್ಕೆ ಹೋಯಿತು. ಮೋಡ ಕಟ್ಟಿತ್ತು. ಮೇಸ್ತ್ರಿ ಮುಗಿಲು ನೋಡಿ, ಇವತ್ತು ಬೇಡ ಸಾರ್ ಅಂದರು. ನಾನು ಮುಖ ಗಂಟು ಹಾಕಿಕೊಂಡೆ, ರಜೆ ಹಾಕಿ ಕೂತಿದ್ದೆ ನೋಡಿ. ಮಧ್ಯಾಹ್ನ ಮೂರಕ್ಕೆ ಸುರಿದ ಮಳೆ ನೋಡಿ ಸುಮ್ಮನಾದೆ.

ಈಗ ಲೆಕ್ಕ. ಒಟ್ಟು ಸುಮಾರು 61 ಘನ ಅಡಿ, ನಷ್ಟಕ್ಕೆ ಹತ್ತು ಪರ್ಸೆಂಟ್ ಸೇರಿಸಿ 67. ಎರಡು ಘನ ಮೀಟರಿಗೂ ಕಡಿಮೆ. ಇಷ್ಟಕ್ಕೆ ಕಲೆಸಿಯೇ ತರುವ ರೆಡಿಮಿಕ್ಸ್ ಲಾರಿ ತರಿಸಿದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಲಾರಿಗೆ ದುಡ್ಡು ಕೊಟ್ಟ ಹಾಗೆ. ಅದಕ್ಕೆ ಸಣ್ಣ ಮಿಕ್ಸರ್ ತಂದು ಸ್ಥಳದಲ್ಲೇ ಕಲೆಸಿದರು. ಸಿಮೆಂಟ್ ಒಂದು, ಮರಳು ಒಂದೂವರೆ, ಜಲ್ಲಿ ಮೂರು. 50 ಕಿಲೋ ಚೀಲಕ್ಕೆ ನೀರು 25 ಲೀಟರ್, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಒಂದು ಚೀಲಕ್ಕೆ ಒಂದು ಸುತ್ತು. 4 ಇಂಚಿನ ಒಂದು ಚೌಕಕ್ಕೆ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ಬೇಕು. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ.

ಮೊದಲ ಆರು ಚೌಕ ನೋಡೋದೇ ಖುಷಿ. ಮೇಸ್ತ್ರಿ ಪ್ರತಿ ಸುತ್ತಿನ ಮಾಲನ್ನೂ ಸಲಿಕೆಯಲ್ಲಿ ಎತ್ತಿ ನೋಡುತ್ತಿದ್ದರು. ಗುಡ್ಡೆ ಮಾಡಿದರೆ ನಿಧಾನಕ್ಕೆ ಕುಗ್ಗಬೇಕು, ಹರಿದು ಹೋಗಬಾರದು. ಸುರಿದು, ಅಂಚಿಗೆ ಸಲಿಕೆ ಚುಚ್ಚಿ ಗಾಳಿ ಬಿಡಿಸಿ, ಉದ್ದ ಪಟ್ಟಿ ಗರಗಸದ ಹಾಗೆ ಎಳೆದು ಮಟ್ಟ ಮಾಡಿ, ಮರದ ಹಲಗೆ ಆಡಿಸಿ ಬಿಟ್ಟುಬಿಟ್ಟರು. ಬಿಟ್ಟುಬಿಡೋದು ಮುಖ್ಯ. ಮೇಲೆ ತೆಳ್ಳಗೆ ನೀರು ಒಸರುತ್ತೆ, ಕನ್ನಡಿ ಥರ ಹೊಳೆಯುತ್ತೆ. ಆ ಹೊಳಪು ತಾನಾಗೇ ಹೋಗುವವರೆಗೆ ಕರಣೆ ಮುಟ್ಟಬಾರದು. ಮುಟ್ಟಿದರೆ ಆ ನೀರನ್ನು ಮೇಲಿನ ಪದರಕ್ಕೇ ಕಲೆಸಿದ ಹಾಗೆ. ಹೊಳಪು ಹೋದಮೇಲೆ ಅಂಚು ದುಂಡು ಮಾಡಿ, 4 ಅಡಿಗೊಂದು ಗೀರು ಎಳೆದರು. ಆಳ ದಪ್ಪದ ಕಾಲು ಭಾಗ: 4 ಇಂಚಿಗೆ ಒಂದು, 6 ಇಂಚಿಗೆ ಒಂದೂವರೆ. ಕಾಂಕ್ರೀಟ್ ಗಟ್ಟಿಯಾಗ್ತಾ ಕುಗ್ಗುತ್ತೆ, ಕುಗ್ಗಿದರೆ ಬಿರಿಯುತ್ತೆ. ಬಿರಿಯೋದಾದರೆ ಈ ಗೀರಿನಲ್ಲೇ ಬಿರಿ ಅಂತ ದಾರಿ ತೋರಿಸೋದಕ್ಕೆ ಇದು. ಎಂಟು ತಿಂಗಳಾಯಿತು, ಬಗ್ಗಿ ನೋಡಿದರೆ ಕೆಲವು ಗೀರಿನೊಳಗೆ ಕೂದಲಿನಂಥ ಬಿರುಕು ಇದೆ. ಏಳನೆಯದು ಬಿಟ್ಟರೆ ಚೌಕದ ಮೇಲೆ ಒಂದೂ ಇಲ್ಲ. ಗೇಟಿನ ಕಂಬ, ಮನೆ ಮೆಟ್ಟಿಲು ತಾಗುವ ಕಡೆ ಅರ್ಧ ಇಂಚಿನ ಫೋಮ್ ಪಟ್ಟಿ ನಿಲ್ಲಿಸಿ ಬಿಡಿಸಿದ್ದರು, ಬಿಸಿಲಿಗೆ ಹಿಗ್ಗಿದಾಗ ಕಂಬಕ್ಕೆ ಒತ್ತಬಾರದು ಅಂತ. ಕಡೆಗೆ ಪೊರಕೆಯನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಒಂದೇ ಸಲ ಎಳೆದರು. ಆ ಸಣ್ಣ ಗೆರೆಗಳೇ ಮಳೆಯಲ್ಲಿ ಕಾಲು ಜಾರದ ಹಾಗೆ ಹಿಡಿಯೋದು.

ಏಳನೇ ಚೌಕದ ಹೊತ್ತಿಗೆ ಮೇಸ್ತ್ರಿಗೆ ಫೋನ್ ಬಂತು. ಬೇರೆ ಕೆಲಸದ ಕಡೆಯಿಂದ ಏನೋ ಗಲಾಟೆ. ಹದಿನೈದು ಇಪ್ಪತ್ತು ನಿಮಿಷ ಆ ಕಡೆ ಹೋಗಿ ನಿಂತರು. ಇಲ್ಲಿ ಮಿಕ್ಸರ್ ಹತ್ತಿರ ಇದ್ದ ಹುಡುಗ ಅರ್ಧ ಬಕೆಟ್ ನೀರು ಜಾಸ್ತಿ ಹುಯ್ದ. ಒಂದು ಸುತ್ತು ಅಂದರೆ ಹೆಚ್ಚುಕಡಿಮೆ ಒಂದು ಚೌಕ, ನೆನಪಿದೆಯಲ್ಲ. ನಾನು ನೋಡಿದೆ. ತಿಳುವಾದರೆ ಬಾಣಲಿಯಿಂದ ಸುಲಭಕ್ಕೆ ಜಾರುತ್ತೆ, ಎಳೆಯೋಕೂ ಸಲೀಸು, ಅವನದೂ ಸುಸ್ತಾದ ಕೈ. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ, ಕೆಲಸ ಗೊತ್ತಿರುವವರಿಗೆ ನಾನೇನು ಹೇಳೋದು ಅಂತ. ಆ ಚೌಕದ ಮೇಲೆ ನೀರು ಒಸರಿದ್ದು ಆರಲೇ ಇಲ್ಲ. ಪಕ್ಕದವು ಎಲ್ಲ ಮಂಕಾದರೂ ಇದು ಹೊಳೀತಾನೇ ಇತ್ತು. ಇನ್ನೊಬ್ಬ ಕಾದು ಕಾದು ಸಾಕಾಗಿ, ಒಣ ಸಿಮೆಂಟ್ ಪುಡಿ ಒಂದು ಹಿಡಿ ಉದುರಿಸಿ, ನೀರು ಹೀರಿಸಿ, ಕರಣೆ ಹಾಕಿ ತೀಡಿಬಿಟ್ಟ. ನುಣ್ಣಗೆ, ಥಳಥಳ. ಹತ್ತರಲ್ಲಿ ಅದೇ ಚಂದ ಕಾಣುತ್ತಿತ್ತು ಆವತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಹಾಗೆ.

ಮೇಸ್ತ್ರಿ ವಾಪಸ್ ಬಂದು ಪೊರಕೆ ಎಳೆದರು, ಗೆರೆ ಸರಿಯಾಗಿ ಕೂರಲಿಲ್ಲ. ಅವರಿಗೆ ಗೊತ್ತಾಯಿತು ಅಂತ ಮುಖ ನೋಡಿದರೇ ತಿಳೀತು. ಹುಡುಗನಿಗೆ ಏನೋ ಗೊಣಗಿದರು. ಆಗಲೇ ಆ ಒಂದು ಚೌಕ ಬಾಚಿ ತೆಗೆದು ಹೊಸದು ಹಾಕಿದ್ದರೆ ಒಂದು ಗಂಟೆ ಕೆಲಸ, ಒಂದೆರಡು ಚೀಲ ಸಿಮೆಂಟ್. ಹಾಕಲಿಲ್ಲ. ನನ್ನ ದೂರು ಇದೇ. ತಪ್ಪು ಹುಡುಗನದಲ್ಲ.

ಮೂರನೇ ತಿಂಗಳಿಗೆ ಆ ಚೌಕ ಗುಡಿಸಿದಷ್ಟೂ ಬೂದಿ ಥರ ಪುಡಿ ಬಿಡೋಕೆ ಶುರು ಮಾಡಿತು. ಮೇಲೆಲ್ಲ ಜೇಡರ ಬಲೆಯಂಥ ಸಣ್ಣ ಬಿರುಕು. ಫೋನ್ ಮಾಡಿದೆ. ಬಂದರು, ಅದನ್ನು ಹೇಳಲೇಬೇಕು, ನಾಲ್ಕನೇ ದಿನವೇ ಬಂದರು. ತಂತಿ ಬ್ರಷ್ ಹಾಕಿ ಸಡಿಲ ಇದ್ದದ್ದೆಲ್ಲ ಉಜ್ಜಿ ತೊಳೆದು, ಒಣಗಿಸಿ, ಮೇಲ್ಮೈ ಗಟ್ಟಿ ಮಾಡುವ ಸಿಲಿಕೇಟ್ ದ್ರಾವಣ ಎರಡು ಸಲ ಬಳಿದರು. ದುಡ್ಡು ಕೇಳಲಿಲ್ಲ. ಪುಡಿ ಉದುರೋದು ಬಹಳ ಕಡಿಮೆಯಾಗಿದೆ. ಆದರೆ ಪೊರಕೆ ಗೆರೆ ಪೂರ್ತಿ ಹೋಯಿತು. ಒದ್ದೆಯಾದಾಗ ಅಮ್ಮ ಅಲ್ಲಿಗೆ ಬಂದರೆ ಬೇಲಿ ಹಿಡಿಯುತ್ತಾಳೆ.

ನೀರು ಕಟ್ಟೋದು ನಮ್ಮ ಪಾಲಿಗೆ ಬಂತು. ಇದನ್ನು ಮೊದಲೇ ಹೇಳಿರಲಿಲ್ಲ, ಹಾಕಿ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ, ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗೋದು, ಬೇಗ ಒಣಗಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಗೋಣಿಚೀಲ ಹಾಸಿ ಏಳು ದಿನ ಒದ್ದೆ ಇಟ್ಟೆವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಬಿಸಿಲು ಜೋರಿದ್ದಾಗ ನಡುವೆ ಇನ್ನೊಂದು ಸಲ. ಎರಡನೇ ದಿನದಿಂದ ಹುಷಾರಾಗಿ ನಡೆದೆವು. ಕಾರಿಗೆ ಏಳು ದಿನ ಅಂದಿದ್ದರು, ನಾನು ಹತ್ತು ದಿನ ಹೊರಗೇ ನಿಲ್ಲಿಸಿದೆ. ಪೂರ್ತಿ ಬಲದ ಲೆಕ್ಕ 28 ದಿನಕ್ಕೆ. ಮನೆಯಲ್ಲಿ ಹಗಲು ಯಾರೂ ಇರಲ್ಲ ಅನ್ನೋರು ನೀರು ಯಾರು ಹಾಕಬೇಕು ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ತೇವ ಆರದ ಹಾಗೆ ಮೇಲೆ ಸಿಂಪಡಿಸುವ ಕ್ಯೂರಿಂಗ್ ಕಾಂಪೌಂಡ್ ಕೂಡ ಸಿಗುತ್ತೆ.

ಹಳೇ ಚೂರುಗಳದ್ದು ಇನ್ನೊಂದು ರಗಳೆ. ಸಾಗಿಸೋದು ತಮ್ಮದೇ ಅಂದಿದ್ದರು, ಆಮೇಲೆ ಗಾಡಿ ಬಾಡಿಗೆ ಬೇರೆ ಅಂದರು. ಆರು ದಿನ ಗೇಟಿನ ಪಕ್ಕ ಗುಡ್ಡೆ ಬಿದ್ದಿತ್ತು. ಬಾಯಿಮಾತು ಅಷ್ಟೇ ಆಗಿತ್ತು, ಜಗಳಕ್ಕೆ ಹೋಗದೆ ಅರ್ಧ ಕೊಟ್ಟು ಮುಗಿಸಿದೆ.

ಹಾಗಾದರೆ ಇವರನ್ನೇ ಮತ್ತೆ ಕರೆಯುತ್ತೀರಾ ಅಂದರೆ, ಕರೆದಾಗಿದೆ. ಹಿತ್ತಲ ದಾರಿ, 22 ಅಡಿ. ಮುಂದಿನ ವಾರ ಒಡೆಯುತ್ತಾರೆ. ಈ ಸಲ ಕೊಟೇಶನ್‌ನಲ್ಲಿ ಮೂರು ಸಾಲು ಸೇರಿಸಿದ್ದೇನೆ: ಚೂರು ಸಾಗಿಸೋದು ಅವರದು, ಮೇಲೆ ಒಣ ಸಿಮೆಂಟ್ ಉದುರಿಸುವಂತಿಲ್ಲ, ಮಿಕ್ಸರ್ ತಿರುಗುವಾಗ ನೀರಿನ ಬಕೆಟ್ ಮೇಸ್ತ್ರಿ ಕೈಯಲ್ಲೇ ಇರಬೇಕು. ಓದಿ ನಕ್ಕರು. "ಏಳನೇದು ಮರೆತಿಲ್ಲ ಅಲ್ವಾ ಸಾರ್" ಅಂದರು. ಅದನ್ನೂ ಅದೇ ದಿನ ಒಡೆದು ಹೊಸದು ಹಾಕಿಕೊಡ್ತೀನಿ, ಸಿಮೆಂಟಿನ ದುಡ್ಡು ಮಾತ್ರ ಕೊಡಿ ಅಂದಿದ್ದಾರೆ. ಹಾಕಿದರೆ ಇಲ್ಲೇ ಬಂದು ಬರೆಯುತ್ತೇನೆ.